ನೂರಹನ್ನೆರಡನೇ ಪುಟದ ಅಂಚು

ಗೆಳೆಯಾ,

ಯಶಸ್ವಿ ಉದ್ಯಮಿಗಳು ಮೆಚ್ಚಿದ ಪುಸ್ತಕಗಳ ಪಟ್ಟಿಯಲ್ಲಿ ನಿನ್ನ ಫೋಟೊ ನೋಡಿದೆ. ಸುಳ್ಳೇಕೆ, ಹೊಟ್ಟೆ ಉರಿಯಿತು. ನೀನು ಹೊಗಳಿದ ಪುಸ್ತಕ ನನ್ನ ಅಂಗಡಿಯಲ್ಲಿ ವಾರದೊಳಗೆ ಖಾಲಿ.

ಇವತ್ತು ಗಿರಾಕಿಯೊಬ್ಬ ಅದನ್ನು ವಾಪಸ್ ತಂದ. "ಇದನ್ನ ಹೊಗಳಿದ ಆ ಉದ್ಯಮಿಯ ಕಣ್ಣು ತೆರೆಸಿದ್ದು 'ಜೊತೆಗಾರ ಜಗಳ ನಿಲ್ಲಿಸಿದ ದಿನ ಹೆದರು' ಅನ್ನೋ ಮಾತಂತೆ. ಎರಡು ಸಲ ಹುಡುಕಿದೆ ಸಾರ್, ಇದರಲ್ಲಿ ಆ ಮಾತೇ ಇಲ್ಲ!"

ಎಲ್ಲಿರುತ್ತದೆ? ನಾವಿಬ್ಬರೂ ಒಂದೇ ಮೇಜು ಹಾಕಿಕೊಂಡು ಕಂಪನಿ ಶುರುಮಾಡಿದಾಗ ನೀನು ಓದಲು ಒಯ್ದ ನನ್ನ ಪ್ರತಿಯಲ್ಲಿ, ನೂರಹನ್ನೆರಡನೇ ಪುಟದ ಅಂಚಿನಲ್ಲಿ ನಾನೇ ಪೆನ್ಸಿಲಿನಿಂದ ಗೀಚಿದ್ದು ಅದು.

ಗಿರಾಕಿಯ ಪುಸ್ತಕದಲ್ಲೂ ಅದೇ ಪುಟ ತೆಗೆದು, ಅದೇ ಅಂಚಿನಲ್ಲಿ ಬರೆದುಕೊಟ್ಟೆ.

ಅವನು ಖುಷಿಯಾದ. "ಕೆಳಗೆ ಅವರ ಹೆಸರೂ ಹಾಕಿಬಿಡಿ ಸಾರ್."

ನಿನ್ನ ಹೆಸರನ್ನೇ ಹಾಕಿಕೊಟ್ಟೆ ಕಣೋ.