ಬ್ರೇಕ್ ಡ್ರಮ್ಮಿನ ಕುಲುಮೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಿನ್ನ ಜಿಗಣೆಯ ನಮಸ್ಕಾರ. ನೀನು ಹೇಗಿದ್ದೀಯ? ಭಾವ ಹೇಗಿದ್ದಾರೆ? ಅವರ ಹಿಟ್ಟಿನ ಗಿರಣಿ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡಿದ್ದೇನೆ. ಉತ್ತರ ಬರೆಯುವುದು ತಡವಾಯಿತು, ಬೈದುಕೊಳ್ಳಬೇಡ. ಬಲಗೈ ಸುಟ್ಟುಕೊಂಡಿದ್ದೆ, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಈಗ ಹೊಸ ಚರ್ಮ ಬಂದಿದೆ, ಗಾಬರಿಯಾಗಬೇಡ. ನೀನು ಹೇಳಿದ ಹಾಗೆ ಈ ಕಾಗದವನ್ನೂ ಮನೆಗೆ ಹಾಕದೆ ನೀನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸಕ್ಕೇ ಹಾಕುತ್ತೇನೆ.

ಕೈ ಹೇಗೆ ಸುಟ್ಟಿತು ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು. ಅಕ್ಕ, ನಾನು ಕಮ್ಮಾರನ ಕೆಲಸ ಕಲಿಯುತ್ತಿದ್ದೇನೆ. ನಗಬೇಡ.

ಅಮ್ಮ ಚಿಂದಿ, ಕಬ್ಬಿಣ ಆಯ್ದು ತಂದು ಹಾಕುತ್ತಿದ್ದ ಅದೇ ಗುಜರಿ ಅಂಗಡಿಯಲ್ಲೇ ಈಗಲೂ ಇದ್ದೇನೆ. ನಾವಿಬ್ಬರೂ ತಕ್ಕಡಿ ಮಾವ ಎಂದು ಹೆಸರಿಟ್ಟಿದ್ದೆವಲ್ಲ, ಆ ಮಾಲೀಕನಿಗೆ ವಯಸ್ಸಾಗಿದೆ, ಬಾಯಿ ಮಾತ್ರ ಹಾಗೇ ಇದೆ. ಹಗಲೆಲ್ಲ ಅವನಿಗೆ ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ ಬೇರೆ ಬೇರೆ ಮಾಡಿಕೊಡುತ್ತೇನೆ. ಅಂಗಡಿಯ ಹಿಂದಿನ ತಗಡಿನ ಶೆಡ್ಡನ್ನು ನನಗೆ ಬಿಟ್ಟುಕೊಟ್ಟಿದ್ದಾನೆ. ಅಲ್ಲೇ ಮಲಗುವುದು, ಅಲ್ಲೇ ಕುಲುಮೆ.

ಕುಲುಮೆ ಎಂದರೆ ದೊಡ್ಡದೇನೂ ಅಲ್ಲ. ಲಾರಿಯ ಹಳೇ ಬ್ರೇಕ್ ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಅಡಿಯಿಂದ ಒಂದು ಪೈಪು ಕೊಟ್ಟಿದ್ದೇನೆ. ಗಾಳಿ ಊದಲು ಸಲೂನಿನವರು ಎಸೆದ ಕೂದಲು ಒಣಗಿಸುವ ಯಂತ್ರ. ಅದು ಬಿಸಿಯಾಗುವುದಿಲ್ಲ, ಬರೀ ಗಾಳಿ ಬಿಡುತ್ತದೆ, ಅದಕ್ಕೇ ಎಸೆದಿದ್ದರು. ನನಗೆ ಗಾಳಿಯೇ ಸಾಕಿತ್ತು. ಬಡಿಯಲು ಅಡಿಗಲ್ಲು ಬೇಕಲ್ಲ, ಲಾರಿಯ ಚಕ್ರದ ಅಚ್ಚಿನ ದಪ್ಪ ತುಂಡೊಂದನ್ನು ಮರದ ದಿಮ್ಮಿಯಲ್ಲಿ ನಿಲ್ಲಿಸಿದ್ದೇನೆ. ಸುತ್ತಿಗೆಯ ತಲೆ ರಾಶಿಯಲ್ಲಿ ಸಿಕ್ಕಿತು, ಹಿಡಿ ಮುರಿದ ಕುರ್ಚಿಯ ಕಾಲು. ಇದ್ದಿಲು ಬೇಕರಿಯ ಒಲೆಯಲ್ಲಿ ಉಳಿದದ್ದು.

ಹೇಳಿಕೊಡುವವರು ಯಾರೂ ಇಲ್ಲ. ಕೆಡಿಸಿ ಕೆಡಿಸಿಯೇ ಕಲಿಯಬೇಕು. ಮೊದಲು ಕಿಟಕಿಯ ಸರಳೊಂದನ್ನು ಕೆಂಪಗೆ ಕಾಯಿಸಿ, ಬಡಿದು ಚೂಪು ಮಾಡಿ ನೀರಿಗೆ ಅದ್ದಿದೆ. ಚುಂಯ್ ಎಂದಿತು, ಗಟ್ಟಿಯಾಯಿತು ಎಂದು ಕುಣಿದೆ. ಕಲ್ಲಿಗೆ ಕುಕ್ಕಿದರೆ ಮೂತಿ ಬಾಗಿಸಿಕೊಂಡು ನಿಂತಿತು. ಆಮೇಲೆ ಲಾರಿಯ ಸ್ಪ್ರಿಂಗ್ ಪಟ್ಟಿ ತೆಗೆದುಕೊಂಡೆ. ಅದನ್ನು ನೀರಿಗೆ ಅದ್ದಿದರೆ ಟಣ್ ಎಂದು ಎರಡು ತುಂಡು.

ತಕ್ಕಡಿ ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಒಂದು ಬಗ್ಗುತ್ತೆ, ಇನ್ನೊಂದು ಒಡೆಯುತ್ತೆ. ನಿಂಗೆ ಬೇಕಾಗಿರೋದು ಎರಡರ ನಡುವಿಂದು. ಹೆಣ್ಣು ಹುಡುಕೋಕೆ ಹೊರಟ ಹಾಗಾಯ್ತಲ್ಲೋ ಮೂಕಪ್ಪ!" ಎಂದ.

ನಾನು ಹೆಚ್ಚು ಮಾತಾಡುವುದಿಲ್ಲ ಎಂದು ಅವನು ಇಟ್ಟ ಹೆಸರು ಅದು. ಈಗ ಸ್ಪ್ರಿಂಗ್ ಪಟ್ಟಿಯನ್ನು ಹಳೇ ಇಂಜಿನ್ ಎಣ್ಣೆಗೆ ಅದ್ದುತ್ತೇನೆ. ಒಡೆಯುವುದಿಲ್ಲ.

ಕೈ ಸುಟ್ಟದ್ದು ಬೆಂಕಿಯಿಂದ ಅಲ್ಲ ಅಕ್ಕ. ಕಬ್ಬಿಣ ಕೆಂಪಗಿದ್ದಾಗ ಯಾರೂ ಮುಟ್ಟುವುದಿಲ್ಲ. ಕೆಂಪು ಹೋಗಿ ಕಪ್ಪಾದ ಮೇಲೂ ಅದರೊಳಗೆ ಬೇಕಾದಷ್ಟು ಬಿಸಿ ಇರುತ್ತದೆ, ನೋಡಿದರೆ ತಣ್ಣಗಿರುವ ಹಾಗೇ ಕಾಣುತ್ತದೆ. ನೆಲದ ಮೇಲಿದ್ದುದನ್ನು ಎತ್ತಿಡೋಣ ಎಂದು ಹಿಡಿದುಬಿಟ್ಟೆ. ಕೂಗಿಕೊಂಡೆ. ಅವತ್ತು ಅಂಗಡಿಗೆ ರಜ, ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಎಡಗೈಯಲ್ಲೇ ನೀರು ಹೊಯ್ದುಕೊಂಡು ಕೂತೆ.

ಇದು ನಿಜವಾಗಿ ಇಬ್ಬರು ಮಾಡುವ ಕೆಲಸ. ಒಬ್ಬ ಇಕ್ಕಳದಲ್ಲಿ ಹಿಡಿಯಬೇಕು, ಇನ್ನೊಬ್ಬ ಹೊಡೆಯಬೇಕು. ಸರಳನ್ನು ಕತ್ತರಿಸಬೇಕಾದರಂತೂ ಒಂದು ಕೈ ಸರಳಿಗೆ, ಒಂದು ಉಳಿಗೆ, ಒಂದು ಸುತ್ತಿಗೆಗೆ ಬೇಕು. ನಾನು ಸೈಕಲ್ ಚೈನನ್ನು ಸರಳಿನ ಮೇಲೆ ಹಾಯಿಸಿ, ಅದರ ತುದಿಯನ್ನು ಕಾಲಲ್ಲಿ ಎಳೆದು ಹಿಡಿದುಕೊಳ್ಳುತ್ತೇನೆ. "ಹೂಂ, ಹೊಡಿ" ಎಂದು ನಾನೇ ಹೇಳಿ ನಾನೇ ಹೊಡೆಯುತ್ತೇನೆ. ಕೆಲವು ಭಾನುವಾರ ನಾನು ಆಡುವ ಮಾತು ಅಷ್ಟೇ.

ಆದರೂ ಒಂದು ಸಂತೋಷದ ಸುದ್ದಿ ಇದೆ. ನಮ್ಮ ಬೀದಿಗೆ ಗಾಡಿ ತರುವ ತರಕಾರಿಯಮ್ಮನ ತಕ್ಕಡಿಯ ಕೊಕ್ಕೆ ಮುರಿದಿತ್ತು. ನಾನೇ ಒಂದು ಮಾಡಿಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ, "ಏನ್ ತಮ್ಮಾ, ಇದು ಕೊಕ್ಕೆನೋ ಎರೆಹುಳನೋ?" ಅಂದಳು. ನನ್ನ ಮುಖ ಸಣ್ಣದಾಯಿತು. ಅವಳು ಕೊಕ್ಕೆಗೆ ಕುಂಬಳಕಾಯಿ ತೂಗುಹಾಕಿ ಜಗ್ಗಿದಳು. ಬಗ್ಗಲಿಲ್ಲ, ಒಡೆಯಲಿಲ್ಲ. "ಪರವಾಗಿಲ್ಲ ಬಿಡು, ಎರೆಹುಳಕ್ಕೆ ಜೀವ ಇದೆ" ಎಂದು ನಕ್ಕು ಗಾಡಿ ತಳ್ಳಿಕೊಂಡು ಹೋದಳು. ಮರುದಿನ ಬೀದಿಯಲ್ಲಿ ಯಾರಿಗೋ "ಆ ಕಮ್ಮಾರ ಹುಡುಗ ಮಾಡಿಕೊಟ್ಟಿದ್ದು" ಎನ್ನುವುದು ಕೇಳಿಸಿತು. ಗುಜರಿ ಹುಡುಗ ಅನ್ನಲಿಲ್ಲ ಅಕ್ಕ. ಕಮ್ಮಾರ ಹುಡುಗ.

ನಾನು ಇದನ್ನೆಲ್ಲ ಶುರುಮಾಡಿದ್ದು ಆ ಒಂದು ಮಾತಿಗಾಗಿಯೇ. ನಿನ್ನ ಮದುವೆಗೆ ಬರಲೇ ಎಂದಾಗ ನೀನು "ಈಗ ಬೇಡ ಕಣೋ, ಆಮೇಲೆ ಬಾ" ಎಂದಿದ್ದೆ. ಆಮೇಲೆ ನಾನು ಕೇಳಿದಾಗ ಮನೆ ರಿಪೇರಿ ಮುಗಿಯಲಿ ಎಂದು ಬರೆದೆ. ನನಗೆ ಬೇಜಾರಿಲ್ಲ. ಓದಿದವರ, ಗಿರಣಿ ಇರುವವರ ಮನೆ. ತಮ್ಮ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನೀನು ತಲೆ ತಗ್ಗಿಸಬಾರದು, ಹೇಳಲು ಒಂದು ಕಸುಬಾದರೂ ಇರಲಿ ಎಂದುಕೊಂಡೆ. ಆಗ "ಬಾ" ಎಂದು ನೀನೇ ಬರೆಯುತ್ತೀಯ ಎಂದುಕೊಂಡೆ.

ನಿನಗಾಗಿ ಒಂದು ಚಿಲಕ ಮಾಡಿದ್ದೇನೆ. ನಮ್ಮ ಹಳೇ ಕೋಣೆಯ ಬಾಗಿಲಿಗೆ ಚಿಲಕವೇ ಇರಲಿಲ್ಲ. ಅಮ್ಮ ಹೋದ ಮೇಲೆ ನೀನು ಬಾಗಿಲಿಗೆ ಬೆನ್ನು ಕೊಟ್ಟೇ ಮಲಗುತ್ತಿದ್ದೆ, ನಾನು ನಿನ್ನ ಸೆರಗು ಹಿಡಿದುಕೊಂಡಿರುತ್ತಿದ್ದೆ, ಅದಕ್ಕೇ ಅಲ್ಲವೇ ನೀನು ನನ್ನನ್ನು ಜಿಗಣೆ ಎಂದದ್ದು. ನಿಮ್ಮ ಮನೆಯಲ್ಲಿ ಒಳ್ಳೆಯ ಚಿಲಕಗಳಿರುತ್ತವೆ, ಗೊತ್ತು. ಸುಮ್ಮನೆ ಮಾಡಿದೆ. ಯಾವಾಗ ಬರಲಿ ಎಂದು ಈ ಸಲ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಸ್ಪತ್ರೆಯಲ್ಲಿ ಇಡೀ ದಿನ ನಿಂತೇ ಇರಬೇಡ, ಕಾಲು ಊದುತ್ತದೆ. ಭಾವನಿಗೂ ನಿನಗೂ ಎಲ್ಲ ಒಳ್ಳೆಯದಾಗಲಿ. ನಾನು ಚಿಕ್ಕವನು, ಹರಸುವುದು ನನ್ನ ಕೆಲಸವಲ್ಲ. ಆದರೆ ನಮ್ಮ ಕಡೆಯಿಂದ ನಿನ್ನನ್ನು ಹರಸಲು ಬೇರೆ ಯಾರಿದ್ದಾರೆ?

ನಿನ್ನ,
ಜಿಗಣೆ

ಬರೆಯಬಾರದು ಎಂದುಕೊಂಡಿದ್ದ ಮಾತು: ಕೈ ಇನ್ನೂ ಮಾಯದಿದ್ದಾಗ ಒಂದು ದಿನ ನಿನ್ನ ಮೈದುನ ನಮ್ಮ ಅಂಗಡಿಗೆ ಬಂದಿದ್ದರು. ಗಿರಣಿಗೆ ಹಳೇ ಕಬ್ಬಿಣದ ಚಕ್ರ ಹುಡುಕುತ್ತಿದ್ದರು. ಗಿರಣಿಯ ಹೆಸರು ಹೇಳಿದ ಕೂಡಲೇ ನಿಮ್ಮವರೆಂದು ತಿಳಿಯಿತು. ನಾನು ಓಡಿಹೋಗಿ ಮುಖ ತೊಳೆದುಕೊಂಡು ಬಂದೆ. "ನಿಮ್ಮನೆ ಸೊಸೆ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾರಲ್ವಾ?" ಎಂದೆ. ನಾನು ಅವರ ತಮ್ಮ ಎನ್ನುವ ಮಾತು ಬಾಯಲ್ಲೇ ಇತ್ತು.

"ಹೌದು, ನಮ್ಮತ್ತಿಗೆ! ಬಂಗಾರದಂಥ ಮನುಷ್ಯೆ ಕಣ್ರಿ. ಪಾಪ, ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಒಬ್ಬ ತಮ್ಮ ಇದ್ನಂತೆ, ಚಿಕ್ಕೋನಿದ್ದಾಗಲೇ ತೀರಿಕೊಂಡ್ನಂತೆ" ಎಂದರು.

ನಾನು "ಅಯ್ಯೋ ಪಾಪ" ಎಂದೆ. ಏನಾಗಿತ್ತು ಎಂದು ಕೇಳಿದೆ.

"ಜ್ವರ ಅನ್ಸುತ್ತೆ. ಆ ಮಾತು ಬಂದ್ರೆ ಅತ್ತಿಗೆ ಅಳ್ತಾರೆ. ನಾವು ಕೆದಕೋಕೆ ಹೋಗಲ್ಲ."

ಅಳಬೇಡ ಅಕ್ಕ. ನೀನು ನನಗೆ ಹೇಗೆ ಗೊತ್ತು ಎಂದು ಅವರು ಕೇಳಿದ್ದಕ್ಕೆ, ಒಂದು ಸಲ ಆಸ್ಪತ್ರೆಗೆ ಹೋಗಿದ್ದಾಗ ಗಾಯಕ್ಕೆ ಔಷಧಿ ಹಚ್ಚಿದ್ದರು ಎಂದೆ. ಚಕ್ರ ಎತ್ತಿ ಗಾಡಿಗೆ ಹಾಕಿಕೊಟ್ಟೆ. ಒಳ್ಳೆಯವರು, ಹೊರಡುವಾಗ ನನ್ನ ಸುಟ್ಟ ಕೈಗೆ ಸುತ್ತಿದ್ದ ಬಟ್ಟೆ ನೋಡಿ, "ನೋಡ್ಕೊಳ್ಳೋಕೆ ಮನೇಲಿ ಅಕ್ಕ ತಂಗಿ ಯಾರೂ ಇಲ್ವಾ?" ಎಂದು ಕೇಳಿದರು.

ಇಲ್ಲ ಅಂದೆ. ನಮ್ಮಿಬ್ಬರ ಮಾತೂ ಒಂದೇ ಇರಬೇಕಲ್ಲ, ಅಕ್ಕ.