ಬಸಲಿಂಗಮ್ಮನಿಗೆ ಜೈಲು ಬೇಡವೆಂದ ಕಾರಣ

ರಾಯಚೂರು ಕಡಲತೀರ, ೨೮ ಫೆಬ್ರವರಿ ೨೩೪೬

ಹಿಂದಿನ ಕಾಲದ ಹಿರಿಯರಿಗೆ,

ಮೊದಲು ತಪ್ಪೊಪ್ಪಿಗೆ. ಬಿರುಗಾಳಿಯ ಎಚ್ಚರಿಕೆಗೆಂದೇ ಮೀಸಲಾದ ಹಿಂದಂಚೆಯಲ್ಲಿ ಮೂರು ನಿಮಿಷ ಕದ್ದು ಇದನ್ನು ಬರೆಯುತ್ತಿದ್ದೇನೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಮುಂದಾಲೋಚನೆ ಇಲ್ಲದ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ರಾಯಚೂರಿಗೆ ಸಮುದ್ರ ಹೇಗೆ ಬಂತೆಂದು ಮಾತ್ರ ಕೇಳಬೇಡಿ. ಅದೇ ಬಂತು, ನಾವು ಕರೆದಿರಲಿಲ್ಲ.

ನಮ್ಮ ಮನೆಗಳಿಗೆ ಬೀಗವಿಲ್ಲ. ಬಾಗಿಲು ಮನೆಯವರ ದನಿ ಗುರುತಿಸಿ ತಾನೇ ತೆರೆದುಕೊಳ್ಳುತ್ತದೆ. ಸತ್ತವರ ದನಿಯನ್ನೂ ಅದು ಮರೆಯುವುದಿಲ್ಲ. ಹೋದ ತಿಂಗಳು ನಿವೃತ್ತ ಡ್ರಾಯಿಂಗ್ ಟೀಚರ್ ಬಸಲಿಂಗಮ್ಮ ಬರೆದ ವೈರಸ್ಸೊಂದು ಈ ದನಿಗಳನ್ನು ಕದ್ದು, ಮಟಮಟ ಮಧ್ಯಾಹ್ನ ಮುನ್ನೂರು ಬಾಗಿಲುಗಳಲ್ಲಿ ಸತ್ತವರ ಹಾಗೆ ಕೂಗಿತು. ಪಕ್ಕದ ಮನೆಯ ಜಂಬಣ್ಣ, ತೀರಿಹೋದ ಮಗ ಕರೆದನೆಂದು ಓಡಿ ಮೆಟ್ಟಿಲಲ್ಲಿ ಬಿದ್ದು ಕಾಲು ಮುರಿದುಕೊಂಡರು.

ಇಂಥವರನ್ನು ನಿಮ್ಮಲ್ಲಿ ಏನು ಮಾಡುತ್ತಿದ್ದಿರೋ. ನಮ್ಮಲ್ಲಿ ಪೆಟ್ಟುಪಂಕ್ತಿ ಕೂಡುತ್ತದೆ. ಪೆಟ್ಟು ತಿಂದವರೆಲ್ಲ ಕೊಟ್ಟವರ ಜೊತೆ ಒಂದೇ ಸಾಲಲ್ಲಿ ಕೂತು ಉಂಡು, ಕೈ ತೊಳೆಯುವ ಮುಂಚೆ ಶಿಕ್ಷೆ ಹೇಳಬೇಕು. ಹಸಿದವರ ತೀರ್ಪು ಬಲು ಖಾರ ಎಂದು ನಮ್ಮ ಕಾನೂನಿನ ನಂಬಿಕೆ. ಯಾಕೆ ಬರೆದಿರಿ ಅಂದರೆ ಬಸಲಿಂಗಮ್ಮ, "ಯಾರ್ಯಾರು ಓಡಿ ಬರ್ತಾರ ನೋಡೂಣು ಅಂತ" ಅಂದರು. ಜಂಬಣ್ಣ ಬಡಿಸುವವರ ಕಡೆ ತಿರುಗಿ, "ಈಕೀಗೆ ಇನ್ನೊಂದು ಹೋಳಿಗಿ ಹಾಕಬ್ಯಾಡ್ರಿ. ಐದು ವರ್ಷ ಜೈಲಿಗೆ ಹಾಕ್ರಿ" ಅಂದರು.

ಆಗ ನಾನೆದ್ದೆ. ಆಕೆಯನ್ನು ಗೋಡೆಯೊಳಗೆ ಕೂರಿಸಿದರೆ ಯಾರ ಮೂಳೆ ಕೂಡುತ್ತದೆ, ಜಂಬಣ್ಣನ ಕಾಲಿಗೆ ದಿನಾ ಎಣ್ಣೆ ಹಚ್ಚಲಿ ಎಂದು ಅರ್ಧ ಗಂಟೆ ವಾದಿಸಿದೆ. ಪಂಕ್ತಿ ಒಪ್ಪಿತು. ನನ್ನಂಥ ಕ್ಷಮಾಗುಣ ಈ ಕರಾವಳಿಯಲ್ಲೇ ಇಲ್ಲವೆಂದು ವಾರ್ಡಿನ ಪತ್ರಿಕೆ ಬರೆಯಿತು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಜಂಬಣ್ಣ ಮಾತ್ರ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಜೈಲಾಗಿದ್ದರೆ ಸರ್ಕಾರದವರೇ ಬಂದು ಊರಿನ ಎಲ್ಲ ಬಾಗಿಲುಗಳಿಂದ ವೈರಸ್ ಅಳಿಸುತ್ತಿದ್ದರು. ಆಗಲಿಲ್ಲವಾದ್ದರಿಂದ ಅವರವರ ಬಾಗಿಲು ಅವರವರ ಪಾಲಿಗೆ. ಎಲ್ಲರೂ ಅಳಿಸಿದರು. ನಾನು ಅಳಿಸಿಲ್ಲ. ಒಂಬತ್ತು ವರ್ಷದ ಹಿಂದೆ ಹೋದ ನನ್ನ ಗೌರಾಬಾಯಿ ದಿನಾ ಮಧ್ಯಾಹ್ನ ಒಂದು ಗಂಟೆಗೆ, "ರೀ, ಚೀಲ ಇಸ್ಕೋರಿ, ಕೈ ಸೋತಾವ" ಎಂದು ಕೂಗುತ್ತಾಳೆ. ಬಾಗಿಲು ತೆರೆಯುತ್ತದೆ. ಬರೀ ಬಿಸಿಲು.

ಈಗೀಗ ಹನ್ನೆರಡೂವರೆಗೇ ತಲೆ ಬಾಚಿಕೊಂಡು ನಿಂತಿರುತ್ತೇನೆ.