ದಕ್ಷಿಣದ 210, ಉತ್ತರದ 210

ಬ್ರೆಸಿಲಿಯಾ,
ಆಗಸ್ಟ್ 17, 2004

ಮುದ್ದಿನ ತಂಗಿ ಇರಾಸಿಗೆ,

ನಿನ್ನ ಅಕ್ಕನ ಅಪ್ಪುಗೆ. ಜೂನ್‌ನಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನೀನು ಕಳಿಸಿದ ಬೆಲ್ಲದ ಅಚ್ಚುಗಳು ಒಂದೂ ಒಡೆಯದೆ ತಲುಪಿದವು. ಮೇ ತಿಂಗಳಿಂದ ಇಲ್ಲಿ ಒಂದು ಹನಿ ಮಳೆಯಿಲ್ಲ. ತುಟಿ ಒಡೆದು ಮೂಗಿನಲ್ಲಿ ರಕ್ತ ಬರುತ್ತದೆ. ಕೋಣೆಯಲ್ಲಿ ಒದ್ದೆ ಟವಲ್ ನೇತುಹಾಕಿ ಮಲಗುತ್ತೇವೆ. ಹುಲ್ಲೆಲ್ಲ ಒಣಗಿ ಹೋಗಿದ್ದರೂ ಇಪೆ ಮರಗಳು ಮಾತ್ರ ಮೈತುಂಬ ಹಳದಿ ಹೂ ಬಿಟ್ಟುಕೊಂಡು ನಿಂತಿವೆ, ನಾಚಿಕೆಯಿಲ್ಲದವು.

ಸೆಪ್ಟೆಂಬರಿನಲ್ಲಿ ಬರುತ್ತೇನೆ, ಭಾವನೇ ಊರು ತೋರಿಸಬೇಕು ಎಂದು ಬರೆದಿದ್ದೀಯಲ್ಲ, ಅದಕ್ಕೆ ಏನು ಬರೆಯಲಿ ಎಂದೇ ನನ್ನ ಕೈ ನಿಂತುಹೋಗಿದ್ದು.

ತೋರಿಸುವುದಕ್ಕೆ ನಿಮ್ಮ ಭಾವನಿಗಿಂತ ಬೇರೆ ಯಾರು ಬೇಕಿತ್ತು ಹೇಳು? ಎರ್ಮಿನಿಯೊ ಬಂದಾಗ ಇಲ್ಲಿ ಕೆಂಪು ಧೂಳು ಬಿಟ್ಟರೆ ಏನಿತ್ತು? ಕ್ಯಾಥೆಡ್ರಲ್ಲಿನ ಕಂಬಗಳಿಗೆ ಕಬ್ಬಿಣ ಕಟ್ಟಿದರು, ಕೆರೆಗೆ ನೀರು ತುಂಬುವುದನ್ನು ದಡದಲ್ಲಿ ನಿಂತು ನೋಡಿದರು, ಆಮೇಲೆ ಸಚಿವಾಲಯದ ಡ್ರೈವರ್ ಆಗಿ ಬಂದ ಬಂದ ಅತಿಥಿಗಳಿಗೆಲ್ಲ ಊರು ಸುತ್ತಿಸಿದರು. ಒಮ್ಮೆ ಪೋರ್ಚುಗಲ್ಲಿನ ದೊಡ್ಡ ಮನುಷ್ಯರೊಬ್ಬರು, "ಏನಯ್ಯಾ, ಈ ಊರಲ್ಲಿ ಬೀದಿ ಮೂಲೆನೇ ಇಲ್ವಲ್ಲ, ಜನ ಎಲ್ಲಿ ನಿಂತು ಹರಟೆ ಹೊಡೀತಾರೆ?" ಅಂದರಂತೆ. "ನನ್ ಕಾರಲ್ಲೇ ಸಾರ್" ಅಂದರಂತೆ ಇವರು. ಆ ಕಥೆಯನ್ನು ನಿನಗೂ ಹತ್ತು ಸಲ ಹೇಳಿರಬೇಕು.

ಹೋದ ತಿಂಗಳು ಮಾತ್ರೆ ತರಲು ಬಸ್ ನಿಲ್ದಾಣದ ಕಡೆ ಹೋದವರು ಊಟದ ಹೊತ್ತಾದರೂ ಬರಲಿಲ್ಲ. ಬೀನ್ಸ್ ಎರಡು ಸಲ ಬಿಸಿ ಮಾಡಿದೆ. ಕೆಳಗಿಳಿದು ನಮ್ಮ ಕಟ್ಟಡದಡಿಯ ಕಂಬಗಳ ನಡುವೆ ನಿಂತು ನೋಡಿದೆ. ವಾಪಸ್ ಮೇಲೆ ಬಂದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ಯಾರೋ ಹೆಂಗಸು.

"ದೋನಾ ದಾಲ್ವಿನಾ ಅವ್ರಾ? ಗಾಬರಿ ಬೀಳ್ಬೇಡಿ. ನಿಮ್ ಯಜಮಾನ್ರು ನಮ್ಮನೇಲಿ ಕಾಫಿ ಕುಡೀತಾ ಕೂತಿದಾರೆ. ನಂದು ಉತ್ತರದ 210, ಬ್ಲಾಕ್ ಡಿ, 304."

ನಮ್ಮದು ದಕ್ಷಿಣದ 210, ಬ್ಲಾಕ್ ಡಿ, 304. ವಿಮಾನದ ಹಾಗೆ ಎರಡು ರೆಕ್ಕೆ ಬಿಡಿಸಿದ ಊರು. ಈ ರೆಕ್ಕೆಯ ನಂಬರೇ ಆ ರೆಕ್ಕೆಗೂ. ನಿಲ್ದಾಣದಲ್ಲಿ ಉತ್ತರದ ಬಸ್ಸು ಹತ್ತಿದ್ದಾರೆ. ಅವಳ ಬೀಗಕ್ಕೆ ನಮ್ಮ ಕೀ ತುರುಕಿ, ಅದು ತಿರುಗದೆ ಬಾಗಿಲು ಬಡಿದಿದ್ದಾರೆ. ಬಾಗಿಲು ತೆಗೆದವಳನ್ನು ದಾಟಿ ಸೀದಾ ಒಳಗೆ ಹೋಗಿ, "ಸೋಫಾನ ಯಾರು ಈ ಕಡೆ ಎಳೆದಿದ್ದು?" ಅಂತ ರೇಗಿದ್ದಾರೆ. "ಪಿಜ್ಜಾದವ್ರೂ ಹೀಗೇ ತಪ್ಪು ಮಾಡ್ತಾರೆ, ಬಿಡಿ" ಎಂದು ನಕ್ಕಳು, ಪುಣ್ಯಾತ್ಗಿತ್ತಿ.

ಎಲ್ಲರೂ ಮಾಡುವ ತಪ್ಪೇ, ನಿಜ. ಆದರೆ ಹಾಗೆ ತಪ್ಪಿದವರನ್ನು "ಇವ್ರಿಗೆ ಊಟಕ್ಕೆ ಬಾಯಿ ಎಲ್ಲಿದೆ ಅಂತ ಗೊತ್ತಾಗೋದೇ ದೊಡ್ದು" ಎಂದು ಆಡಿಕೊಳ್ಳುತ್ತಿದ್ದವರು ಇವರು! ಟ್ಯಾಕ್ಸಿಯಲ್ಲಿ ಕರೆತರುವಾಗ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಇದು ಯಾವ ವರ್ಷ, ಎರ್ಮಿನಿಯೊ ಅವರೇ?" ಅಂದರು. ಇವರು ಎದೆಯುಬ್ಬಿಸಿ, "ಊರಿನ ಉದ್ಘಾಟನೆಗೆ ಇನ್ನೊಂದ್ ವರ್ಷ ಇದೆ ಡಾಕ್ಟ್ರೇ. ಮುಗಿಸ್ಕೊಡ್ತೀವಿ, ಹೆದರ್ಬೇಡಿ" ಅಂದರು. ತಮಾಷೆ ಅಂದುಕೊಂಡು ಡಾಕ್ಟರು ನಕ್ಕರು. ಉದ್ಘಾಟನೆಯಾಗಿ ನಲವತ್ತನಾಲ್ಕು ವರ್ಷವಾಯಿತು; ನನಗೆ ನಗು ಬರಲಿಲ್ಲ, ಇರಾಸಿ.

ಈಗ ಒಬ್ಬರನ್ನೇ ಹೊರಗೆ ಬಿಡುವುದಿಲ್ಲ. ಲಿಫ್ಟ್ ಸದ್ದಾದರೂ ಬಾಗಿಲಿಗೆ ಓಡುತ್ತೇನೆ. ಸ್ನಾನ ಮಾಡುವಾಗಲೂ ಕಿವಿ ಹೊರಗಿಟ್ಟಿರುತ್ತೇನೆ. ನೀನು ಬರಬೇಡ ಎಂದು ಬರೆಯಲು ನಾಲ್ಕು ಸಲ ಕೂತೆ. ಬಂದು ಈ ಸ್ಥಿತಿ ನೋಡಿ ಅತ್ತುಬಿಡುತ್ತೀಯ ಎಂಬ ಭಯ. ಆದರೆ ಒಬ್ಬಳೇ ಇರುವುದಕ್ಕೆ ಅದಕ್ಕಿಂತ ಹೆಚ್ಚು ಭಯ. ಬಾ. ಟಿ.ವಿ. ಗೋಪುರ ಹತ್ತೋಣ, ಕೆರೆ ದಡದಲ್ಲಿ ಕೂರೋಣ, ನೀಲಿ ಗಾಜಿನ ಚರ್ಚಿನಲ್ಲಿ ಒಂದಿಷ್ಟು ಹೊತ್ತು ಸುಮ್ಮನಿರೋಣ.

ಅಪರೆಸಿದಾ ಮಾತೆ ನಿನ್ನನ್ನೂ ಮಕ್ಕಳನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಅಕ್ಕ,
ದಾಲ್ವಿನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ದಿನಾ ಸಂಜೆ ಶೂ ಹಾಕಿ, ತಲೆ ಬಾಚಿ, ನನ್ನ ಮುಂದೆ ಬಂದು ನಿಲ್ಲುತ್ತಾರೆ. "ಅಮ್ಮಾ, ಸಿಯಾರಾದಿಂದ ಲಾರಿ ಬಂತೇನ್ರೀ? ನನ್ ಹೆಂಡ್ತಿ ಅದ್ರಲ್ಲಿ ಬರ್ತಾಳೆ" ಅನ್ನುತ್ತಾರೆ. ನಮ್ಮ ಸಿಯಾರಾದಿಂದ ನಾನು ಮೊದಲು ಇಲ್ಲಿಗೆ ಬಂದದ್ದು ಲಾರಿಯಲ್ಲೇ ತಾನೆ. "ನಾನೇ ಅಲ್ವಾ ದಾಲ್ವಿನಾ" ಅಂದರೆ ಮರ್ಯಾದೆಯಿಂದ ನಕ್ಕು ದೂರ ಸರಿಯುತ್ತಾರೆ. ಈಗೀಗ "ನಾಳೆ ಬರುತ್ತೆ ಸ್ವಾಮಿ" ಅಂದುಬಿಡುತ್ತೇನೆ. ನಿನಗೆ ನನ್ನದೇ ಮುಖ, ಹನ್ನೆರಡು ವರ್ಷ ಚಿಕ್ಕದು. ನೀನು ಬಸ್ಸಿಳಿದಾಗ ಅವರು ನಿನ್ನನ್ನು ದಾಲ್ವಿನಾ ಎಂದು ಕರೆದರೆ ಅಲ್ಲ ಅನ್ನಬೇಡ. ಬಾ, ಊರು ತೋರಿಸ್ತೀನಿ ಎಂದು ಕೈ ಹಿಡಿದರೆ ಬಿಡಿಸಿಕೊಳ್ಳಬೇಡ. ನಿನ್ನ ಚೀಲ ಹೊತ್ತುಕೊಂಡು ನಾನು ಹಿಂದೆ ಬರುತ್ತೇನೆ.